ಒಂದೇ ಕೋಶದಿಂದ ಬಂದ ಕ್ಲೋನ್ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಹೆಕ್ 293 ಕೋಶಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶಗಳು) ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ವಿಧಾನದಿಂದ ಒಂದು ಜೀನ್ ಕೆಡಿಸಿದ್ದೇನೆ. 96 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟಿಗೆ ವೆಲ್‌ಗೆ ಒಂದು ಕೋಶದ ಲೆಕ್ಕದಲ್ಲಿ ಹಾಕಿದೆ. ಎರಡು ವಾರಕ್ಕೆ ಚೆನ್ನಾಗಿ ಬೆಳೆದವು, ಆದರೆ ಆ ಜೀನಿನ ಡಿಎನ್‌ಎ ಸೀಕ್ವೆನ್ಸ್ ಮಾಡಿಸಿದರೆ (ಅಕ್ಷರ ಓದಿಸಿದರೆ) ಗ್ರಾಫಿನಲ್ಲಿ ಒಂದರ ಮೇಲೊಂದು ಮೂರು ಪೀಕ್. ಬೆರಕೆ ಆಗಿದೆಯಾ?

ಉತ್ತರ 1: ಸರಾಸರಿ ಒಂದು ಅಂದರೆ ಎಲ್ಲದರಲ್ಲೂ ಒಂದೇ ಅಂತಲ್ಲ. ಪಾಯ್ಸನ್ ಎಂಬ ಸಂಭವನೀಯತೆಯ ಲೆಕ್ಕದಲ್ಲಿ, ಕೋಶ ಬಿದ್ದ ವೆಲ್‌ಗಳಲ್ಲಿ ಶೇ 42ರಷ್ಟರಲ್ಲಿ ಎರಡೋ ಇನ್ನೂ ಜಾಸ್ತಿಯೋ ಇರುತ್ತವೆ. ವೆಲ್‌ಗೆ ಸರಾಸರಿ 0.3 ಕೋಶದಂತೆ ಹಾಕಿ, ಅದು ಶೇ 14ಕ್ಕೆ ಇಳಿಯುತ್ತದೆ. ಖಾಲಿ ವೆಲ್ ಜಾಸ್ತಿ ಆಗುತ್ತವೆ, ಆಗಲಿ ಬಿಡಿ.

ಉತ್ತರ 2: ಪ್ಲೇಟ್ ಎಸೆಯಬೇಡಿ! ಹೆಕ್ 293ರಲ್ಲಿ ಎಷ್ಟೋ ಜೀನ್‌ಗಳಿಗೆ ಮೂರು ಪ್ರತಿಗಳಿವೆ, ಹಾಗಾಗಿ ಶುದ್ಧ ಕ್ಲೋನ್‌ನಲ್ಲೂ ಮೂರು ಪೀಕ್ ಬರಬಹುದು. ಪಿಸಿಆರ್‌ನಿಂದ ನಕಲು ಮಾಡಿದ ಡಿಎನ್‌ಎ ತುಂಡನ್ನು ಪ್ಲಾಸ್ಮಿಡ್‌ಗೆ (ಪುಟ್ಟ ಡಿಎನ್‌ಎ ಉಂಗುರ) ಸೇರಿಸಿ, ಅದನ್ನು ಬ್ಯಾಕ್ಟೀರಿಯಾಕ್ಕೆ ಹಾಕಿ, ಹತ್ತಿಪ್ಪತ್ತು ಬ್ಯಾಕ್ಟೀರಿಯಾ ಕಾಲೊನಿ ಬೇರೆಬೇರೆಯಾಗಿ ಓದಿಸಿ. ನಿಮ್ಮ ಜೀನಿನ ಪ್ರತಿಗಳಿಗಿಂತ ಜಾಸ್ತಿ ಬಗೆ ಪದೇಪದೇ ಸಿಕ್ಕರೆ ಬೆರಕೆ.

ಉತ್ತರ 3: ಮುಂದಿನ ಸಲ ಹಾಕಿದ ದಿನವೇ ಪ್ರತಿ ವೆಲ್‌ನ ಫೋಟೊ ತೆಗೆದಿಡಿ. ವೆಲ್‌ನ ಅಂಚಿನಲ್ಲಿ ಕಪ್ಪು ನೆರಳು ಇರುತ್ತದಲ್ವಾ, ಎರಡನೇ ಕೋಶ ಅಲ್ಲೇ ಅವಿತಿರುತ್ತದೆ, ನನಗೆ ಒಂದು ತಿಂಗಳ ಕೆಲಸ ಹಾಗೇ ಹೋಯಿತು. ಅನುಮಾನ ಇದ್ದರೆ ಇನ್ನೊಂದು ಸುತ್ತು ಕ್ಲೋನ್ ಮಾಡಿ. ಆ ಜೀನಿನ ಪ್ರೋಟೀನ್ ಹೋಗಿದೆಯಾ ಅಂತ ವೆಸ್ಟರ್ನ್ ಬ್ಲಾಟ್ ಎಂಬ ಪ್ರೋಟೀನ್ ಪತ್ತೆ ಪರೀಕ್ಷೆಯಲ್ಲೂ ನೋಡಿ.