ಬೋಗಶೀಲ್ ಹೊಳೆಯಲ್ಲಿ ಚಳಿಗಾಲದ ಸ್ಟೀಲ್‌ಹೆಡ್: ಬೆಂಡು ಮುಳುಗುತ್ತದೆ, ಎಳೆದರೆ ಬರೀ ಕಲ್ಲು

ಹೊಳೆದಂಡೆ:
ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಊರಿನ ಸುತ್ತಲಿನ ಬೋಗಶೀಲ್ ಮೊದಲಾದ ಹೊಳೆಗಳಲ್ಲಿ ಸ್ಟೀಲ್‌ಹೆಡ್‌ಗೆ (ಸಮುದ್ರಕ್ಕೆ ಹೋಗಿ ಹೊಳೆಗೆ ಮರಳುವ ರೇನ್‌ಬೋ ಟ್ರೌಟ್ ಮೀನು) ಬೆಂಡು ಮತ್ತು ಜಿಗ್ (ಭಾರದ ತಲೆಯಿರುವ ಕೊಕ್ಕೆ) ಹಾಕುವವರಿಗೆ ಪ್ರಶ್ನೆ. ಸಜ್ಜು ಹೀಗಿದೆ: 10 ಅಡಿ ಕೋಲು, 30 ಪೌಂಡ್ ಎಳೆತ ತಾಳುವ ಹೆಣೆದ ದಾರ, ಅರ್ಧ ಔನ್ಸಿನ ಬೆಂಡು, ಅದರ ಕೆಳಗೆ ಕಾಲು ಔನ್ಸ್ ಸೀಸ, ಆಮೇಲೆ 10 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ (ಕೊಕ್ಕೆಗೆ ಕಟ್ಟುವ ತುದಿಯ ದಾರ) 4 ಅಡಿ, ತುದಿಗೆ 1/8 ಔನ್ಸಿನ ಗುಲಾಬಿ ಜಿಗ್. ಬೆಂಡಿನ ತಲೆ ಯಾವಾಗಲೂ ಕೆಳಹರಿವಿನ ಕಡೆಗೇ ವಾಲಿರುತ್ತದೆ. ಹತ್ತು ಸಲ ಬಿಟ್ಟರೆ ಐದಾರು ಸಲ ಮುಳುಗುತ್ತದೆ, ಎಳೆದರೆ ಕಲ್ಲು. ತಪ್ಪು ಸಜ್ಜಿನದೋ, ಜಾಗದ್ದೋ?

ಬೆಂಡುಗಾಳ:
ಮೊದಲು ಸಜ್ಜಿನದು. ತಲೆ ಕೆಳಹರಿವಿಗೆ ವಾಲಿದರೆ ಸೀಸ ಅಥವಾ ಜಿಗ್ ತಳ ಉಜ್ಜುತ್ತಿದೆ ಎಂದರ್ಥ. ಮೇಲಿನ ನೀರು ಬೆಂಡನ್ನು ತಳ್ಳುತ್ತದೆ, ತಳದಲ್ಲಿ ಸಿಕ್ಕಿದ ಭಾರ ಅದರ ಬುಡವನ್ನು ಹಿಂದಕ್ಕೆ ಹಿಡಿಯುತ್ತದೆ. ತಲೆ ಮೇಲ್ಹರಿವಿಗೆ ವಾಲಿದರೆ ಉಲ್ಟಾ ಕಥೆ, ನಿಮ್ಮ ದಾರವೇ ಬೆಂಡನ್ನು ತಡೆದಿದೆ. ಹೆಚ್ಚುಕಡಿಮೆ ನೇರವಾಗಿ ನಿಂತು ಹೋದರೆ ಜಿಗ್ ಹರಿವಿನ ಜೊತೆಗೇ ತೇಲುತ್ತಿದೆ.

ದಾರದ ಮೇಲೆ ಬೆಂಡನ್ನು ತಡೆದು ಆಳ ಗೊತ್ತುಮಾಡುವ ಗಂಟನ್ನು ಒಂದು ಅಡಿ ಕೆಳಗಿಳಿಸಿ, ಜಿಗ್ ಅಷ್ಟು ಮೇಲೆ ಬರುತ್ತದೆ. ಅಲ್ಲಿಂದ ಗೇಣು ಗೇಣಾಗಿ ಆಳ ಹೆಚ್ಚಿಸುತ್ತಾ ಹೋಗಿ. ಯಾವಾಗಲಾದರೊಮ್ಮೆ ತಳ ತಾಗಿದ ಕೂಡಲೇ ಅರ್ಧ ಗೇಣು ಹಿಂದಕ್ಕೆ ಬನ್ನಿ. ಸ್ಟೀಲ್‌ಹೆಡ್ ತನಗಿಂತ ಮೇಲಿರುವುದನ್ನು ಏರಿ ಬಂದು ಹಿಡಿಯುತ್ತದೆ, ಹೊಟ್ಟೆಯ ಕೆಳಗೆ ಹೋದದ್ದನ್ನು ಬಗ್ಗಿ ಹೆಕ್ಕುವುದು ಕಡಿಮೆ. ಆದ್ದರಿಂದ ಜಿಗ್ ತಳದಿಂದ ಒಂದೂವರೆ ಅಡಿ ಮೇಲಿದ್ದರೂ ನಷ್ಟವಿಲ್ಲ.

ಭಾರವೂ ಕಡಿಮೆ ಇದೆ. ಅರ್ಧ ಔನ್ಸ್ ಬೆಂಡಿಗೆ ಸೀಸ, ಜಿಗ್ ಸೇರಿ ಅರ್ಧ ಔನ್ಸ್ ಬೇಕು. ನಿಮ್ಮದು 3/8 ಮಾತ್ರ. ಸೀಸವನ್ನು 3/8ಕ್ಕೆ ಏರಿಸಿದರೆ ಲೆಕ್ಕ ಸರಿಹೋಗುತ್ತದೆ. ದಡದ ಪಕ್ಕ ನಿಂತ ನೀರಿನಲ್ಲಿ ಬಿಟ್ಟು ನೋಡಿ: ಬಣ್ಣದ ತುದಿಯಷ್ಟೇ ಮೇಲೆ ಕಾಣಬೇಕು. ಬೆಂಡು ಎತ್ತರಕ್ಕೆ ತೇಲಿದರೆ ಮೀನು ಕಚ್ಚಿದಾಗ ಅದಕ್ಕೆ ಎಳೆತ ಗೊತ್ತಾಗಿ ಜಿಗ್ ಉಗಿದುಬಿಡುತ್ತದೆ.

ಲೀಡರ್ 4 ಅಡಿ ಬೇಡ, 18ರಿಂದ 24 ಇಂಚು ಸಾಕು. ಉದ್ದವಾದರೆ ಎಸೆಯುವಾಗ ಸುತ್ತಿಕೊಳ್ಳುತ್ತದೆ, ಹಗುರ ಜಿಗ್ ಸೀಸದಿಂದ ದೂರ ಎಲ್ಲೋ ಅಲೆಯುತ್ತದೆ. ಗಂಟು ಬಿಗಿಯುವ ಮುನ್ನ ನೀರಲ್ಲಿ ಒದ್ದೆ ಮಾಡಿ. ಒಣಗಿದ್ದರೆ ಫ್ಲೋರೋಕಾರ್ಬನ್ ಉಜ್ಜಿ ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ.

ಮಡುಗಟ್ಟೆ:
ಆಳದ ಮಾತು ಒಪ್ಪಿದೆ. ಆದರೆ ಮೀನೇ ಇಲ್ಲದ ನೀರಿನಲ್ಲಿ ಬೆಂಡು ಎಷ್ಟು ನೇರ ನಿಂತರೇನು? ಚಳಿಗಾಲದಲ್ಲಿ ನೀರು 4–6 ಡಿಗ್ರಿ ಸೆಲ್ಸಿಯಸ್ ಇರುವಾಗ ಮೀನು ಸೆಳವಿನಲ್ಲಿ ಶಕ್ತಿ ಕಳೆಯುವುದಿಲ್ಲ, ದೂರ ಓಡಿ ಬಂದು ಕಚ್ಚುವುದೂ ಇಲ್ಲ. ಮನುಷ್ಯ ನಡೆಯುವ ವೇಗದ ಹರಿವು, 4ರಿಂದ 8 ಅಡಿ ಆಳ, ತಳದಲ್ಲಿ ತಲೆಗಾತ್ರದ ಕಲ್ಲುಗಳು: ಇಂಥ ಕಡೆ ಹುಡುಕಿ. ಮಡುವಿನ ಬಾಲ, ಅಂದರೆ ನೀರು ಮತ್ತೆ ತೆಳುವಾಗುವ ಮುಂಚಿನ ಭಾಗ, ಬಿಡಲೇಬೇಡಿ. ಕೆಳಗಿನ ರಭಸ ಏರಿ ಬಂದ ಮೀನು ಮೊದಲು ನಿಲ್ಲುವುದು ಅಲ್ಲೇ.

ಮಳೆ ಬಂದು ಹೊಳೆ ಏರುತ್ತಿರುವಾಗ ವ್ಯರ್ಥ. ಇಳಿಯತೊಡಗಿ ನೀರು ಹಸಿರಾಗಿ, ಎರಡರಿಂದ ನಾಲ್ಕು ಅಡಿ ಒಳಗೆ ಕಾಣುವಂತಾದಾಗ ಹೋಗಿ. ಹೊಳೆಯ ನೀರಿನ ಮಟ್ಟ ಅಳೆಯುವ ಮಾಪನ ಕೇಂದ್ರದ ಆನ್‌ಲೈನ್ ಗ್ರಾಫ್ ನೋಡಿದರೆ ಇಳಿಜಾರು ಗೊತ್ತಾಗುತ್ತದೆ. ಇಲ್ಲಿನ ಹೊಳೆಗಳಲ್ಲಿ ಸೋಲ್ ಡಕ್ ಬೇಗ ತಿಳಿಯಾಗುತ್ತದೆ. ‘ಹೋ’ ಹೊಳೆಯದು ಹಿಮನದಿಯ ನೀರು, ಬೂದುಬಣ್ಣ ಬಿಡಲು ತಡ. ನೀರು ಇನ್ನೂ ಹೆಚ್ಚಿದ್ದರೆ ಮೀನು ದಡದ ಹತ್ತಿರವೇ ಇರುತ್ತದೆ. ಅಲ್ಲಿಗೇ ಬೂಟು ಹಾಕಿಕೊಂಡು ಇಳಿದು, ನಡುಹೊಳೆಗೆ ಎಸೆಯುವವರೇ ಹೆಚ್ಚು!

ಹೊಳೆದಂಡೆ:
ಧನ್ಯವಾದ. ದಾರ ಬಾಗಿ ಬೆಂಡನ್ನು ಎಳೆಯುವುದನ್ನು ತಪ್ಪಿಸುವುದು ಹೇಗೆ? ಮೀನು ಕಚ್ಚಿದಾಗ ಕೋಲು ಎಳೆಯುವುದು ಯಾವ ದಿಕ್ಕಿಗೆ?

ಬೆಂಡುಗಾಳ:
ಬೆಂಡು ನೀರಿಗೆ ಬಿದ್ದ ತಕ್ಷಣ ಕೋಲಿನ ತುದಿಯಿಂದ ದಾರವನ್ನು ಎತ್ತಿ ಮೇಲ್ಹರಿವಿಗೆ ಹಾಕಿ, ಬೆಂಡನ್ನು ಮಾತ್ರ ಅಲುಗಿಸಬೇಡಿ. ಹೆಣೆದ ದಾರ ತೇಲುವುದರಿಂದ ಇದು ಸುಲಭ. ಸುಮ್ಮನೆ ಬಿಟ್ಟರೆ ನಡುವಿನ ವೇಗದ ನೀರು ದಾರವನ್ನು ಬಿಲ್ಲಿನಂತೆ ಬಾಗಿಸಿ ಬೆಂಡನ್ನು ಅಡ್ಡಕ್ಕೆಳೆಯುತ್ತದೆ. ಮುಳುಗಿದಾಗ ಸಡಿಲ ದಾರವನ್ನು ರೀಲಿಗೆ ಸುತ್ತಿ, ಕೋಲನ್ನು ಕೆಳಹರಿವಿನ ಕಡೆಗೆ ಪಕ್ಕಕ್ಕೆ ಬೀಸಿ. ಮೀನು ಮೇಲ್ಹರಿವಿಗೆ ಮುಖ ಮಾಡಿರುತ್ತದೆ, ಹೀಗೆ ಎಳೆದರೆ ಕೊಕ್ಕೆ ಬಾಯಿಯ ಮೂಲೆಗೆ ಕೂರುತ್ತದೆ. ಮೇಲಕ್ಕೆ ಜಗ್ಗಿದರೆ ಬಾಯಿಂದಲೇ ಕಿತ್ತು ಬರುವುದು ಹೆಚ್ಚು. ಹಿಮ್ಮುಳ್ಳಿಲ್ಲದ ಕೊಕ್ಕೆಯಾದ್ದರಿಂದ ದಾರ ಒಂದು ಕ್ಷಣವೂ ಸಡಿಲಾಗಕೂಡದು. ರೀಲಿನ ಡ್ರ್ಯಾಗ್ (ದಾರ ಬಿಡುವ ತಡೆ) 10 ಪೌಂಡ್ ಲೀಡರ್‌ಗೆ ಎರಡೂವರೆಯಿಂದ ಮೂರು ಪೌಂಡ್ ಎಳೆತಕ್ಕೆ ಬಿಟ್ಟುಕೊಡಲಿ.

ಕರಾವಳಿ_ಕಾನೂನು:
ಒಂದು ಮಾತು ಬಿಟ್ಟುಹೋಗಿದೆ. ಬೆನ್ನಿನ ಹಿಂದೆ, ಬಾಲದ ಹತ್ತಿರ ಇರುವ ಪುಟ್ಟ ಕೊಬ್ಬಿನ ರೆಕ್ಕೆ ನೋಡಿ. ಅದು ಇದ್ದರೆ ಕಾಡು ಮೀನೆಂದೇ ಹಿಡಿದು ಬಿಟ್ಟುಬಿಡಬೇಕು. ಅದಿಲ್ಲದೆ ಆ ಜಾಗದಲ್ಲಿ ಗಾಯ ಮಾಗಿದ ಗುರುತಿದ್ದರೆ ಹ್ಯಾಚರಿಯದು, ಅಂದರೆ ಮರಿ ಮಾಡಿ ಸಾಕಿ ಹೊಳೆಗೆ ಬಿಟ್ಟದ್ದು. ಬೋಗಶೀಲ್ ಹ್ಯಾಚರಿ ಮೀನು ಹೆಚ್ಚಾಗಿ ಡಿಸೆಂಬರ್–ಜನವರಿಯಲ್ಲಿ ಬರುತ್ತದೆ, ಆಮೇಲೆ ಏಪ್ರಿಲ್‌ವರೆಗೆ ಬಹುಪಾಲು ಕಾಡು ಮೀನೇ. ಅದನ್ನು ಪೂರ್ತಿಯಾಗಿ ನೀರಿನಿಂದ ಹೊರಗೆತ್ತುವುದು ವಾಷಿಂಗ್ಟನ್‌ನಲ್ಲಿ ಕಾನೂನುಬಾಹಿರ. ಫೋಟೋಗೆ ಎತ್ತಿ ಹಿಡಿಯುವ ಚಟ ಬಿಡಿ. ಗಂಟಿಲ್ಲದ ಬಲೆಯಲ್ಲಿ, ನೀರಿನೊಳಗೇ ಕೊಕ್ಕೆ ತೆಗೆಯಿರಿ.

ಇಟ್ಟುಕೊಂಡ ಮೀನನ್ನು ಕ್ಯಾಚ್ ಕಾರ್ಡಿನಲ್ಲಿ (ಹಿಡಿದ ಮೀನಿನ ದಾಖಲೆ ಚೀಟಿ) ಅಲ್ಲೇ ಬರೆಯಬೇಕು. ತುರ್ತು ನಿಯಮಗಳು ನಡು ಋತುವಿನಲ್ಲೂ ಬದಲಾಗುತ್ತವೆ: ಜೀವಂತ ಎರೆ ಅಥವಾ ಮೊಟ್ಟೆಗೆ ನಿಷೇಧ, ದೋಣಿಯಿಂದ ಹಿಡಿಯಲು ನಿಷೇಧ, ಕೆಲವೊಮ್ಮೆ ಹೊಳೆಯೇ ಬಂದ್. ಹೊರಡುವ ದಿನ ಬೆಳಿಗ್ಗೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಪುಟ ನೋಡಿ. ಹೊಳೆಯ ಮೇಲ್ಭಾಗ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತದೆ, ಅಲ್ಲಿನ ನಿಯಮ ಬೇರೆ.

ಮಡುಗಟ್ಟೆ:
ಬಣ್ಣದ ಬಗ್ಗೆ ಕೊನೆಗೆ: ಕಲಕಿದ ನೀರಿಗೆ ಗುಲಾಬಿ, ಕಾಲು ಔನ್ಸ್ ಜಿಗ್. ತಿಳಿಯಾದರೆ ಕಪ್ಪು ಅಥವಾ ನೇರಳೆ, 1/8 ಅಥವಾ ಚಿಕ್ಕದು, ಲೀಡರ್ 8 ಪೌಂಡ್. ಜಿಗ್ ಬದಲಿಸಿದಾಗೆಲ್ಲ ಸೀಸದ ಲೆಕ್ಕವನ್ನೂ ಬದಲಿಸಿ, ಇಲ್ಲದಿದ್ದರೆ ಬೆಂಡು ಮತ್ತೆ ಎತ್ತರಕ್ಕೆ ತೇಲುತ್ತದೆ, ಇಲ್ಲವೇ ಮುಳುಗುತ್ತದೆ.