ಪದಚರ್ಚೆ: ಮದುವೆಯ ಮರುದಿನವೇ ತವರಿಗೆ ಮರಳುವವಳಿಗೆ ಏನೆನ್ನೋಣ? (ಸೋಮವಾರದೊಳಗೆ ಬೇಕು)

ಬೆಂಗಳೂರಿನಿಂದ, ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನೇಯ್ಗೆ, ಕಸೂತಿಗಳ ಒಂದು ಪ್ರದರ್ಶನಕ್ಕೆ ಕನ್ನಡ ಫಲಕ ಬರೆದುಕೊಡಲು ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಗೋಡೆಯ ತುಂಬ ದಕ್ಷಿಣ ಚೀನಾದ ಗುವಾಂಗ್‌ಶಿಯ ಝುವಾಂಗ್ ಜನರ ಮದುವೆಯ ಸಾಮಾನುಗಳಿವೆ. ಸೋಮವಾರ ಹತ್ತು ಗಂಟೆಗೆ ಫಲಕಗಳು ಮುದ್ರಣಕ್ಕೆ ಹೋಗುತ್ತವೆ. ಪ್ರತಿ ಶೀರ್ಷಿಕೆಗೂ ಒಂದೇ ಸಾಲಿನ ಜಾಗ.

ಚಾಂದ್ರಮಾನದ ಮೂರನೆಯ ತಿಂಗಳ ಮೂರನೆಯ ದಿನ ಹುಡುಗ ಹುಡುಗಿಯರು ಊರಾಚೆ ಸೇರಿ, ಎರಡು ಗುಂಪಾಗಿ ನಿಂತು, ಒಬ್ಬರ ಹಾಡಿಗೆ ಇನ್ನೊಬ್ಬರು ಅಲ್ಲಿಯೇ ಹಾಡು ಕಟ್ಟಿ ಉತ್ತರ ಕೊಡುತ್ತಾರೆ. ಈ ಹಾಡುಗಾರಿಕೆಗೆ ಏನೆನ್ನಲಿ? ಹುಡುಗಿ ತಾನೇ ಹೊಲಿದ ರೇಷ್ಮೆಯ ಚೆಂಡನ್ನು ಮೆಚ್ಚಿದವನತ್ತ ಎಸೆಯುತ್ತಾಳೆ. ಅವನಿಗೂ ಮನಸ್ಸಿದ್ದರೆ ಅದಕ್ಕೊಂದು ಉಡುಗೊರೆ ಕಟ್ಟಿ ಹಿಂದಕ್ಕೆ ಎಸೆಯುತ್ತಾನೆ. ಈ ಚೆಂಡಿಗೆ?

ಇವೆರಡು ಹೇಗಾದರೂ ಸರಿಹೋದಾವು. ನಿದ್ದೆ ಕೆಡಿಸಿರುವುದು ಮೂರನೆಯದು. ಮದುವೆಯ ದಿನ ಹುಡುಗಿ ಗೆಳತಿಯರೊಂದಿಗೆ ಗಂಡನ ಮನೆಗೆ ಹೋಗುತ್ತಾಳೆ, ರಾತ್ರಿ ಆ ಗೆಳತಿಯರ ಜೊತೆಗೇ ಮಲಗುತ್ತಾಳೆ, ಮರುದಿನವೋ ಅದರಾಚೆಯ ದಿನವೋ ತವರಿಗೆ ಹೊರಟುಬಿಡುತ್ತಾಳೆ. ಆಮೇಲೆ ಹಬ್ಬಕ್ಕೆ, ನಾಟಿಗೆ, ಕೊಯ್ಲಿಗೆ ಕರೆ ಬಂದರೆ ಹೋಗಿ ನಾಲ್ಕು ದಿನ ಇದ್ದು ಬರುತ್ತಾಳೆ. ಗಂಡನ ಮನೆಯಲ್ಲಿ ನೆಲೆಸುವುದು ಸಾಮಾನ್ಯವಾಗಿ ಬಸುರಿಯಾದ ಮೇಲೆ, ಎಷ್ಟೋ ಸಲ ಕೆಲವು ವರ್ಷ ಕಳೆದ ಮೇಲೆ. ಚೀನೀ ಭಾಷೆಯಲ್ಲಿ ಇದಕ್ಕೆ ‘ಬು ಲುವೋ ಫು ಜ್ಯಾ’ ಎನ್ನುತ್ತಾರೆ, ಗಂಡನ ಮನೆಯಲ್ಲಿ ನೆಲೆಯೂರದಿರುವುದು. ನಾನು ‘ತವರಲ್ಲೇ ಉಳಿದ ವಧು’ ಎಂದು ಬರೆದು ಮನೆಯಲ್ಲಿ ಓದಿ ಹೇಳಿದೆ. ನಮ್ಮ ಅತ್ತೆಯವರು “ಅಯ್ಯೋ ಪಾಪ, ಗಂಡ ಕುಡಿಯುತ್ತಾನೆಯೇ?” ಎಂದರು.

ಧಾರವಾಡದಿಂದ, ಶನಿವಾರ

ತಂಗೀ, ಮೊದಲನೆಯದಕ್ಕೆ ಹುಡುಕಾಟವೇ ಬೇಡ. ಸವಾಲ್-ಜವಾಬ್. ನಮ್ಮ ಹರದೇಶಿ-ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಹಾಡುವುದು ಇದೇ ತಾನೇ? ಎರಡನೆಯದು ಕಸೂತಿ ಚೆಂಡು. ಮೂರನೆಯದು ಅಳಿಯಸಂತಾನದ ಹಾಗೆ ಕಾಣುತ್ತದೆ, ಕರಾವಳಿಯವರು ಹೇಳಲಿ.

ಪುತ್ತೂರಿನಿಂದ, ಶನಿವಾರ

ಕರಾವಳಿಯವರು ಹೇಳುತ್ತಿದ್ದೇವೆ: ಅಲ್ಲ. ಅಳಿಯಕಟ್ಟು ಆಸ್ತಿಯ ಮಾತು, ಕುಲದ ಮಾತು. ಅಲ್ಲಿ ಕುಲವನ್ನು ಎಣಿಸುವುದೇ ಹೆಣ್ಣಿನ ಕಡೆಯಿಂದ. ಬೇಕಿದ್ದರೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯನ್ನು ತೆರೆದು ನೋಡಿ. ಝುವಾಂಗರಲ್ಲಿ ಕುಲ ತಂದೆಯದು. ಹುಡುಗಿ ತವರಲ್ಲಿ ಎಷ್ಟು ವರ್ಷ ಇದ್ದರೂ ಮಗು ಗಂಡನ ಮನೆಯದು. ಅವರಲ್ಲಿ ಮನೆಯಳಿಯನೂ ಉಂಟು, ಕೆಲವು ಕಡೆ ಅವನು ಹೆಂಡತಿಯ ಮನೆತನದ ಹೆಸರನ್ನೇ ಇಟ್ಟುಕೊಳ್ಳುವುದೂ ಉಂಟು. ಅದು ಬೇರೆ ಸಂಗತಿ. ಮದುವೆಯಾದ ಹೆಣ್ಣು ತವರಲ್ಲಿ ಕಂಡ ಕೂಡಲೇ ತಂದು ನಮ್ಮ ಅಂಗಳಕ್ಕೆ ಸುರಿಯಬೇಡಿ ಮಾರಾಯರೇ.

ಮೈಸೂರಿನಿಂದ, ಶನಿವಾರ

ಸವಾಲು ಅರಬ್ಬಿ. ಜವಾಬೂ ಅರಬ್ಬಿ. ಎರಡನ್ನೂ ಸೇರಿಸಿ ‘ನಮ್ಮ’ ಎನ್ನುವ ಧೈರ್ಯಕ್ಕೆ ಮೆಚ್ಚಬೇಕು. ಎದುರು ನಿಂತದ್ದಕ್ಕೆ, ಮರಳಿ ಬರುವುದಕ್ಕೆ ಕನ್ನಡದಲ್ಲಿ ‘ಮಾರ್’ ಇದೆ. ಮಾರ್ನುಡಿ ಎಂದರೆ ಪ್ರತಿಮಾತು. ಅದೇ ದಾರಿಯಲ್ಲಿ ‘ಮಾರ್ವಾಡು’ ಎನ್ನಿ. ಕಸೂತಿಯ ಬಾಲದಲ್ಲಿ ಸಂಸ್ಕೃತದ ‘ಸೂತ್ರ’ ಜೋತಾಡುತ್ತಿದೆ, ‘ನೂಲ್ಚೆಂಡು’ ಸಾಕು. ಮೂರನೆಯದಕ್ಕೆ ‘ತವರುಳಿವು’. ತವರು ಎಂದರೆ ತಾಯ್+ಊರು. ತಾಯೂರು, ತವೂರು, ತವರು. ಇದಕ್ಕಿಂತ ಅಚ್ಚಗನ್ನಡ ಸಿಗದು.

ಶಿರಸಿಯಿಂದ, ಶನಿವಾರ ರಾತ್ರಿ

ತವರಿನಲ್ಲಿ ಆಗಲೇ ಊರು ಇದ್ದರೆ ‘ತವರೂರು’ ಎನ್ನುವಾಗ ಎರಡು ಊರಾಯಿತೇ? ತಾಯವರ ಮನೆ ತವರ್ಮನೆಯಾಯಿತು. ಮುಗಿಯಿತು.

ಇನ್ನು ಮಾರ್+ಪಾಡು. ಸಂಧಿ ಮಾಡಿದರೆ ಮಾರ್ವಾಡು, ಮಾಡದಿದ್ದರೆ ಮಾರ್ಪಾಡು. ಮೊದಲನೆಯದನ್ನು ಓದಿದವರು ಚಿಕ್ಕಪೇಟೆಯ ಸೇಟುಗಳ ಹಾಡು ಎಂದುಕೊಳ್ಳುತ್ತಾರೆ, ಎರಡನೆಯದನ್ನು ಓದಿದವರು ತಿದ್ದುಪಡಿ ಎಲ್ಲಿ ಎಂದು ಕೇಳುತ್ತಾರೆ.

ಚೆಂಡಿನ ವಿಷಯದಲ್ಲಿ ಯಾರಾದರೂ ‘ಹೂಚೆಂಡು’ ಎನ್ನುವ ಮೊದಲೇ ಬೇಡ ಎನ್ನುತ್ತೇನೆ. ನಮ್ಮ ಕಡೆ ಉರುಟಣೆಯಲ್ಲಿ ಗಂಡು ಹೆಣ್ಣು ಹೂವಿನ ಚೆಂಡು ಎಸೆದಾಡುತ್ತಾರೆ, ಸುತ್ತ ಕೂತ ಹೆಂಗಸರು ಹಾಡಿ ಕೆಣಕುತ್ತಾರೆ. ಅದು ಧಾರೆಯಾದ ಮೇಲಿನ ಆಟ, ಕೈ ಆಗಲೇ ಹಿಡಿದಾಗಿದೆ. ಝುವಾಂಗ್ ಹುಡುಗಿಯ ಚೆಂಡು ಕೈ ಹಿಡಿಯುತ್ತೀಯಾ ಎಂದು ಕೇಳುವ ಚೆಂಡು. ಹೆಸರು ಒಂದೇ ಇಟ್ಟರೆ ನೋಡುವವರ ತಲೆಯಲ್ಲಿ ಮಂಟಪ ಏಳುತ್ತದೆ. ‘ಕಸೂತಿ ಚೆಂಡು’ ಎನ್ನುವುದಕ್ಕೂ ನನಗೆ ತುಸು ಸಂಕೋಚವಿದೆ. ಧಾರವಾಡದ ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿ ಹಾಕುವಂಥವು, ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ತೋರಬೇಕು. ಒಳಗೆ ತುಂಬಿ ಹೊಲಿದ ಚೆಂಡಿಗೆ ಹಿಂಬದಿಯೇ ಕಾಣದು. ಆದರೆ ಜನ ಎಲ್ಲ ಸೂಜಿಚಿತ್ತಾರಕ್ಕೂ ಕಸೂತಿ ಎನ್ನುತ್ತಾರೆ, ಇರಲಿ. ಒಂದೇ ವಿನಂತಿ: ಫಲಕದಲ್ಲಿ ಎಲ್ಲಿಯೂ ‘ಚೆಂಡಾಡು’ ಎಂಬ ಕ್ರಿಯಾಪದ ಬಳಸಬೇಡಿ. ಕನ್ನಡದಲ್ಲಿ ಚೆಂಡಾಡುವುದು ವೈರಿಗಳ ರುಂಡವನ್ನು.

ಸಿಂಗಪುರದಿಂದ, ಭಾನುವಾರ

ಚೀನೀ ಅಕ್ಷರ ಓದಬಲ್ಲವನಾದ್ದರಿಂದ ಕೆಲವು ಮಾತು. ಜಿಂಗ್‌ಶಿಯ ಜ್ಯೂಝೌ ಹಳ್ಳಿ ಈ ಚೆಂಡಿಗೇ ಹೆಸರಾದದ್ದು. ಸಾಮಾನ್ಯವಾಗಿ ಹನ್ನೆರಡು ಎಸಳು, ಪ್ರತಿ ಎಸಳಿನ ಮೇಲೂ ಬೇರೆ ಹೂವೋ ಹಕ್ಕಿಯೋ, ಕೆಳಗೆ ಕುಚ್ಚು. ನಿಮ್ಮ ಗೋಡೆಯ ಮೇಲೆ ಬಣ್ಣದ ಮೊಟ್ಟೆಯ ಚಿತ್ರವಿದ್ದರೆ ಅದೂ ಇದೇ ಕಥೆ. ಹುಡುಗ ತನ್ನ ಕೆಂಪು ಮೊಟ್ಟೆಯನ್ನು ಹುಡುಗಿಯ ಕೈಯ ಮೊಟ್ಟೆಗೆ ತಾಗಿಸಲು ಬರುತ್ತಾನೆ. ಬೇಡವಾದರೆ ಅವಳು ಮೊಟ್ಟೆಯನ್ನು ಅಂಗೈಯಲ್ಲಿ ಪೂರಾ ಮುಚ್ಚಿ ಹಿಡಿಯುತ್ತಾಳೆ. ಮನಸ್ಸಿದ್ದರೆ ಬೆರಳ ಸಂದಿಯಲ್ಲಿ ಅರ್ಧ ತೋರಿಸುತ್ತಾಳೆ, ಟಕ್ಕೆಂದರೆ ಇಬ್ಬರೂ ಕೂತು ತಿನ್ನುತ್ತಾರೆ. ಒಂದೇ ಒಂದು ಪದದ ಖರ್ಚಿಲ್ಲ, ಮೈಸೂರಿನವರೂ ಒಪ್ಪಬಹುದು.

ಹಾಡಿನ ಆ ಕೂಟಕ್ಕೆ ಚೀನೀಯಲ್ಲಿ ‘ಗ-ಶ್ಯು’ ಎನ್ನುತ್ತಾರೆ. ಶ್ಯು ಎಂದರೆ ಗೊತ್ತಾದ ದಿನಗಳಲ್ಲಿ ಕೂಡುವ ಸಂತೆ. ಆದ್ದರಿಂದ ‘ಹಾಡಿನ ಸಂತೆ’. ಜಾತ್ರೆ ಎಂದರೆ ತೇರು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಹಾಡಿಗೆ ಝುವಾಂಗ್ ಭಾಷೆಯಲ್ಲಿ ‘ಫ್ವೆನ್’. ಒಂದು ಸಾಲಿನ ಕೊನೆಯ ಸದ್ದು ಮುಂದಿನ ಸಾಲಿನ ನಡುವಿನಲ್ಲಿ ಬಂದು ಪ್ರಾಸವಾಗುತ್ತದೆ. ನಮ್ಮ ಎರಡನೆಯ ಅಕ್ಷರದ ಪ್ರಾಸಕ್ಕೆ ಒಗ್ಗಿದ ಕಿವಿಗೆ ಸಿಗುವುದೇ ಕಷ್ಟ. ಎದುರಿನವರ ಸಾಲನ್ನು ಕೊನೆಯವರೆಗೆ ಕೇಳದೆ ಉತ್ತರ ಕಟ್ಟುವಂತಿಲ್ಲ ಎಂಬ ಒಂದು ಗುಣದಲ್ಲಿ ಅವರು ನಮ್ಮ ಬಳಗಕ್ಕಿಂತ ಮೇಲು.

ಮೂರನೆಯದಕ್ಕೆ ‘ಜ್ವೋ ಜ್ಯಾ’ ಎಂಬ ಇನ್ನೊಂದು ಹೆಸರೂ ಉಂಟು, ‘ಮನೆಯಲ್ಲಿ ಕೂರುವುದು’. ಅದನ್ನು ಕನ್ನಡಕ್ಕೆ ತಂದರೆ ನಿಮ್ಮ ಅತ್ತೆಯವರು ಇನ್ನೂ ಹೆಚ್ಚು ಮರುಗುತ್ತಾರೆ. ಇನ್ನೊಂದು: ಈ ಪದ್ಧತಿ 1950ರ ಮದುವೆ ಕಾನೂನಿನ ನಂತರದ ದಶಕಗಳಲ್ಲಿ ಕರಗುತ್ತ ಬಂತು, ಭೂತಕಾಲ ಬಳಸಿ. ಹಾಡಿನ ಸಂತೆಗೆ ವರ್ತಮಾನ ಸರಿ. ಗುವಾಂಗ್‌ಶಿಯಲ್ಲಿ 2014ರಿಂದ ಆ ಹಬ್ಬಕ್ಕೆ ಸರ್ಕಾರಿ ರಜೆಯೂ ಇದೆ.

ಮೈಸೂರಿನಿಂದ, ಭಾನುವಾರ

ಮೊಟ್ಟೆ ಒಪ್ಪಿದೆ. ಆದರೆ ‘ಝುವಾಂಗ್’ ಎಂದು ಮಹಾಪ್ರಾಣ ಯಾಕೆ? ಇಂಗ್ಲಿಷಿನ ಲಿಪಿಯಲ್ಲಿ ಎಚ್ ಕಂಡ ಕೂಡಲೇ ಹೊಟ್ಟೆ ಸೀಳಿಬಿಡುವುದು ನಮ್ಮ ರೋಗ. ಆ ಜನ ತಮ್ಮ ಪದಗಳನ್ನು ಕಾಪಾಡಿಕೊಂಡರು, ನಾವು ಸವಾಲು ಜವಾಬು ಎಂದು ಕುಣಿಯುತ್ತಿದ್ದೇವೆ.

ಸಿಂಗಪುರದಿಂದ, ಭಾನುವಾರ

ಚೀನೀ ಉಚ್ಚಾರದಲ್ಲಿ ಅಲ್ಲಿ ಮಹಾಪ್ರಾಣವಿಲ್ಲ, ನಿಜ. ‘ಜುವಾಂಗ್’ ಎಂದರೆ ನನ್ನ ತಕರಾರಿಲ್ಲ. ಆದರೆ ಹೆಸರಿನ ನಿಜವಾದ ಗಾಯ ಅಲ್ಲಿಲ್ಲ. ಹಿಂದೆ ಈ ಹೆಸರನ್ನು ಬರೆಯುತ್ತಿದ್ದ ಅಕ್ಷರದ ಪಕ್ಕದಲ್ಲಿ ನಾಯಿಯ ಚಿಹ್ನೆ ಇರುತ್ತಿತ್ತು. ಅದನ್ನು ತೆಗೆದು ಮನುಷ್ಯನ ಚಿಹ್ನೆ ಹಾಕಿದರು. 1965ರಲ್ಲಿ ಅದನ್ನೂ ಬಿಟ್ಟು ‘ಗಟ್ಟಿಮುಟ್ಟು’ ಎಂಬ ಅರ್ಥದ ಅಕ್ಷರವನ್ನು ಇಟ್ಟರು.

‘ಕಾಪಾಡಿಕೊಂಡರು’ ಎಂದಿರಲ್ಲ, ಅವರ ಎಣಿಕೆ ಕೇಳಿ. ಮೂರಕ್ಕೆ ‘ಸಾಮ್’. ಎರಡರಿಂದ ಹತ್ತರವರೆಗೆ ಎಲ್ಲವೂ ಹಳೆಯ ಚೀನೀಯಿಂದ ಬಂದವು. ಮೂರನೆಯ ತಿಂಗಳ ಮೂರನೆಯ ದಿನದ ಆ ಹಬ್ಬದ ಹೆಸರೇ ‘ಸಾಮ್ ಞಿಯೆತ್ ಸಾಮ್’, ಪೂರಾ ಕಡ. ಹಾಡನ್ನು ಬರೆದಿಡುತ್ತಿದ್ದ ‘ಸೌನ್‌ದಿಪ್’ ಲಿಪಿಯೂ ಚೀನೀ ಅಕ್ಷರಗಳನ್ನು ತಮಗೆ ಬೇಕಾದಂತೆ ತಿರುಚಿಕೊಂಡದ್ದು. 2020ರ ಜನಗಣತಿಯಲ್ಲಿ ಅವರು ಸುಮಾರು 1.96 ಕೋಟಿ ಜನ. ಕಡ ತಂದ ಪದಗಳಿಂದ ಎಣಿಸಿಕೊಂಡರೂ ಅಷ್ಟೇ ಜನ.

ಮೈಸೂರಿನಿಂದ, ಭಾನುವಾರ

ಹತ್ತಿರದ ಮನೆಯ ಕಡ ಬೇರೆ, ಆಳಿದವನ ಕಡ ಬೇರೆ.

ಧಾರವಾಡದಿಂದ, ಭಾನುವಾರ

ಅವರಿಗೂ ಚೀನೀ ಭಾಷೆ ಆಳಿದವರದ್ದೇ ಅಲ್ಲವೇ ಸ್ವಾಮಿ? ಜವಾಬು ಕೊಡಿ. ಇಲ್ಲವೇ ಮಾರ್ವಾಡು ಹಾಡಿ.

ಪುತ್ತೂರಿನಿಂದ, ಭಾನುವಾರ ರಾತ್ರಿ

ಪದ ಕೇಳಿದವರು ಕಾಯುತ್ತಿದ್ದಾರೆ, ಇಲ್ಲಿ ಕೋಳಿ ಅಂಕ ನಡೆದಿದೆ. ತವರುಳಿವು, ವಿಳಂಬಿತ ಪತಿಗೃಹವಾಸ (ಇದನ್ನು ಒಬ್ಬರು ನನಗೆ ಖಾಸಗಿಯಾಗಿ ಕಳಿಸಿದ್ದಾರೆ, ಹೆಸರು ಹೇಳುವುದಿಲ್ಲ), ಯಾವ ನಾಮಪದ ಕಟ್ಟಿದರೂ ಫಜೀತಿ ಒಂದೇ. ಮದುವೆಯಾದವಳು ತವರಲ್ಲಿ ‘ಉಳಿದಳು’, ‘ಕೂತಳು’, ‘ನಿಂತಳು’ ಎಂದರೆ ಕನ್ನಡದ ಕಿವಿಗೆ ಏನೋ ಕೆಟ್ಟದ್ದು ನಡೆದಿದೆ ಎಂದೇ ಅರ್ಥ. ನಾನು ‘ಇನ್ನೂ ಮನೆ ತುಂಬದ ಮದುಮಗಳು’ ಎಂದು ಯೋಚಿಸಿದೆ. ಆದರೆ ಮದುವೆಯ ದಿನವೇ ಅವಳು ಗಂಡನ ಮನೆಯ ಹೊಸಿಲು ದಾಟಿ ಆಗಿದೆ, ಸುಳ್ಳಾಗುತ್ತದೆ. ಅವಳು ಎಲ್ಲಿ ಉಳಿದಳು ಎನ್ನುವುದನ್ನು ಬಿಟ್ಟು ಯಾವಾಗ ಹೊರಟಳು ಎನ್ನುವುದನ್ನು ಹೇಳಿ: ‘ಬಸುರಾದ ಮೇಲೆ ಗಂಡನ ಮನೆ’. ನಾಮಪದವೇ ಬೇಕೆಂದು ಯಾರು ಹೇಳಿದ್ದು?

ಬೆಂಗಳೂರಿನಿಂದ, ಸೋಮವಾರ ಬೆಳಿಗ್ಗೆ

ಎಲ್ಲರಿಗೂ ವಂದನೆ. ‘ಹಾಡಿನ ಸಂತೆ’, ಅದರ ಕೆಳಗಿನ ವಿವರಣೆಯಲ್ಲಿ ಸವಾಲ್-ಜವಾಬ್, ‘ಕಸೂತಿ ಚೆಂಡು’, ‘ಬಸುರಾದ ಮೇಲೆ ಗಂಡನ ಮನೆ’. ಕೊನೆಯದನ್ನು ಅತ್ತೆಯವರಿಗೆ ಓದಿ ಹೇಳಿದೆ. “ಅಲ್ಲಿಯವರೆಗೆ ಅಡುಗೆ ಯಾರು ಮಾಡುತ್ತಿದ್ದರಂತೆ?” ಎಂದರು, ಮರುಗಲಿಲ್ಲ. ಝುವಾಂಗ್ ಮಾತ್ರ ಝುವಾಂಗ್ ಆಗಿಯೇ ಇದೆ, ಹದಿನಾಲ್ಕು ಫಲಕಗಳಲ್ಲಿ ತಿದ್ದಲು ಸಮಯವಿಲ್ಲ. ಒಂಬತ್ತೂವರೆಗೆ ಕಳಿಸುತ್ತಿದ್ದೇನೆ.

ಮೈಸೂರಿನಿಂದ, ಸೋಮವಾರ, 9.40

ಕಳಿಸಿಲ್ಲವಾದರೆ: ‘ಚೀನಾ’ ಅಲ್ಲ, ‘ಚೀನ’.