ಮಲಗಿಸುವ ಅರಿವಳಿಕೆ ಔಷಧ ಪ್ರೊಪೊಫಾಲ್ ನಾಳಕ್ಕೆ ಹೋಗುತ್ತಿದ್ದಂತೆ ಮಗು ಕೈ ಎಳೆದುಕೊಂಡು ಅಳುತ್ತೆ, ನೀವೇನು ಮಾಡ್ತೀರಿ?

ಪಿ.ಜಿ. ವಿದ್ಯಾರ್ಥಿನಿ: ಎರಡು ವರ್ಷ, 12 ಕೆ.ಜಿ. ಅಂಗೈ ಹಿಂಬದಿಯಲ್ಲಿ 24 ಗೇಜ್ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ). ಎಮ್ಲಾ (ಮರಗಟ್ಟಿಸುವ ಮುಲಾಮು) ಹಚ್ಚಿ ಒಂದು ಗಂಟೆ ಬಿಟ್ಟಿದ್ದರಿಂದ ಸೂಜಿಗೆ ಅಳಲಿಲ್ಲ, ಪ್ರೊಪೊಫಾಲ್‌ಗೆ ಚೀರಿತು. ಈ ನೋವು ತಪ್ಪಿಸೋಕೆ ಮರಗಟ್ಟಿಸುವ ಔಷಧ ಲಿಗ್ನೊಕೇನ್ ಬೆರೆಸೋದಾ, ಮೊದಲೇ ಕೊಡೋದಾ?

ಡೇ ಕೇರ್ ಸರ್ಜರಿ: ಬೆರೆಸಿ. 1% ಪ್ರೊಪೊಫಾಲ್ 20 ಮಿ.ಲೀ.ಗೆ ಪ್ರಿಸರ್ವೇಟಿವ್ ಇಲ್ಲದ 2% ಲಿಗ್ನೊಕೇನ್ 1 ಮಿ.ಲೀ., ಮೆಲ್ಲಗೆ ತಿರುಗಿಸಿ, ಕೂಡಲೇ ಕೊಡಿ. ಬೆಳಿಗ್ಗೆಯೇ ಬೆರೆಸಿ ಸಾಲಾಗಿ ಇಡುವ ಅಭ್ಯಾಸ ಬೇಡವೇ ಬೇಡ. ಅದೇ 20 ಮಿ.ಲೀ.ಗೆ ಲಿಗ್ನೊಕೇನ್ 40 ಮಿ.ಗ್ರಾಂ. ಬಿದ್ದರೆ 3 ಗಂಟೆಯಲ್ಲೇ ಎಮಲ್ಷನ್ (ಪ್ರೊಪೊಫಾಲ್ ಇರುವ ಎಣ್ಣೆ-ನೀರಿನ ಮಿಶ್ರಣ) ಒಡೆದು ಬಣ್ಣವಿಲ್ಲದ ಪದರ ಕಾಣುತ್ತೆ. ಕಣ್ಣಿಗೆ ಕಾಣುವ ಮೊದಲೇ ಎಣ್ಣೆ ಹನಿಗಳು ಒಂದಕ್ಕೊಂದು ಕೂಡಿ ದಪ್ಪಗಾಗಿರುತ್ತವೆ.

ಮಕ್ಕಳ ಅರಿವಳಿಕೆ ವಿಭಾಗ: ಇದು ದೊಡ್ಡವರ ಲೆಕ್ಕ ಸರ್. 12 ಕೆ.ಜಿ.ಗೆ ಕೆ.ಜಿ.ಗೆ 3 ಮಿ.ಗ್ರಾಂ.ನಂತೆ 36 ಮಿ.ಗ್ರಾಂ., ಅಂದರೆ 3.6 ಮಿ.ಲೀ. ಪ್ರೊಪೊಫಾಲ್. ನಿಮ್ಮ ಮಿಶ್ರಣದಲ್ಲಿ ಅಷ್ಟಕ್ಕೆ ಸೇರುವ ಲಿಗ್ನೊಕೇನ್ 3.6 ಮಿ.ಗ್ರಾಂ., ಕೆ.ಜಿ.ಗೆ 0.3 ಮಾತ್ರ. ಮೊದಲೇ 0.5ರಂತೆ 6 ಮಿ.ಗ್ರಾಂ. ಕೊಡಿ: 2%ದು 0.3 ಮಿ.ಲೀ., ಸಲೈನ್ ಸೇರಿಸಿ 2 ಮಿ.ಲೀ. ಮಾಡಿ. ಕ್ಯಾನುಲಾ ಮೇಲ್ಭಾಗದಲ್ಲಿ ರಕ್ತನಾಳ ಒತ್ತಿ, ಹಾಕಿ, 60 ಸೆಕೆಂಡ್ ಹಿಡಿದು, ಬಿಟ್ಟ ತಕ್ಷಣ ಪ್ರೊಪೊಫಾಲ್. ಒತ್ತದೆ ಕೊಟ್ಟರೆ ಔಷಧ ರಕ್ತದ ಜತೆ ಹೊರಟುಹೋಗುತ್ತೆ, ನಾಳದ ಗೋಡೆಗೆ ಕೆಲಸ ಮಾಡಲು ಸಮಯವೇ ಸಿಗಲ್ಲ.

ಡೇ ಕೇರ್ ಸರ್ಜರಿ: ಎಚ್ಚರ ಇರುವ ಎರಡು ವರ್ಷದ ಮಗುವಿಗೆ ಟೂರ್ನಿಕೆ (ಬಿಗಿ ಪಟ್ಟಿ) ಕಟ್ಟಿ ಒಂದು ನಿಮಿಷ! ನೋವು ತಪ್ಪಿಸಲು ಹೋಗಿ ಮೊದಲೇ ಅಳಿಸಿದಂತಾಯ್ತು. ಕಾಗದದ ಮೇಲೆ ಚೆನ್ನಾಗಿದೆ.

ಮಕ್ಕಳ ಅರಿವಳಿಕೆ ವಿಭಾಗ: ಟೂರ್ನಿಕೆ ಎಂದು ನಾನು ಬರೆದೇ ಇಲ್ಲ, ಓದಿ ನೋಡಿ. ಸಹಾಯಕರು ಮುಂದೋಳನ್ನು ಕೈಯಿಂದ ಸುತ್ತ ಹಿಡಿದರೆ ಸಾಕು, ಮಗು ಅಮ್ಮನ ತೊಡೆಯ ಮೇಲೇ ಇರಲಿ. ಕೈ ಮಾತ್ರ ತಣ್ಣಗಿರಬಾರದು.

ಓ.ಟಿ. ಸಿಸ್ಟರ್: ಇಬ್ಬರೂ ಕ್ಯಾನುಲಾ ಎಲ್ಲಿದೆ ಅಂತ ಗಮನಿಸಲೇ ಇಲ್ಲ ಡಾಕ್ಟ್ರೇ. ಅಂಗೈ ಹಿಂದಿನ ಸಣ್ಣ ನಾಳದಲ್ಲಿ ಔಷಧ ಗೋಡೆಗೆ ತಾಗಿಕೊಂಡೇ ಹೋಗುತ್ತೆ. ಮೊಣಕೈ ಮಡಿಕೆಯ ದೊಡ್ಡ ನಾಳದಲ್ಲಿ ರಕ್ತದೊಂದಿಗೆ ಬೇಗ ಬೆರೆಯುತ್ತೆ. ಎಮ್ಲಾನೂ ಅಲ್ಲೇ ಹಚ್ಚಬೇಕು. ಅದು ಮರಗಟ್ಟಿಸೋದು ಚರ್ಮವನ್ನು, ನಾಳದ ಒಳಗೋಡೆಯನ್ನಲ್ಲ. ಆದ್ದರಿಂದಲೇ ಸೂಜಿಗೆ ಸುಮ್ಮನಿದ್ದ ಮಗು ಆಮೇಲೆ ಅತ್ತಿದ್ದು. ಮಡಿಕೆಯಲ್ಲಿ ಹಾಕಿದರೆ ಸ್ಪ್ಲಿಂಟ್ ಕಟ್ಟಲೇಬೇಕು, ಮೊಣಕೈ ಮಡಚಿದರೆ ಕ್ಯಾನುಲಾ ಬಗ್ಗಿ ನಿಂತುಹೋಗುತ್ತೆ.

ಡೇ ಕೇರ್ ಸರ್ಜರಿ: ಗುಂಡುಗುಂಡಾದ ಮಗುವಿನ ಮೊಣಕೈಯಲ್ಲಿ ನಾಳ ಸಿಕ್ಕರೆ ತಾನೆ? ಹತ್ತಿರದಲ್ಲೇ ಅಪಧಮನಿಯೂ ಇದೆ.

ಓ.ಟಿ. ಸಿಸ್ಟರ್: ಸಿಕ್ಕಿದಾಗ ಅಂತಲೇ ಹೇಳ್ತಿರೋದು. ಮೊದಲು ಮುಟ್ಟಿ ಮಿಡಿತ ನೋಡದೆ ಯಾರೂ ಚುಚ್ಚಲ್ಲ.

ಇನ್ನೊಬ್ಬರು: ಎಮಲ್ಷನ್ ಬದಲಿಸಿ. ಉರಿ ಹುಟ್ಟೋದು ನೀರಿನ ಭಾಗದಲ್ಲಿ ಬಿಡಿಯಾಗಿ ಉಳಿದ ಪ್ರೊಪೊಫಾಲ್‌ನಿಂದ. ಎಂ.ಸಿ.ಟಿ.-ಎಲ್.ಸಿ.ಟಿ. (ಮಧ್ಯಮ ಮತ್ತು ಉದ್ದ ಸರಪಳಿಯ ಕೊಬ್ಬು ಬೆರೆತ) ತಯಾರಿಕೆಯಲ್ಲಿ ಆ ಪ್ರಮಾಣ ಕಡಿಮೆ. 2% ಪ್ರೊಪೊಫಾಲ್ ಚಿಕ್ಕ ನಾಳಕ್ಕೆ ಬೇಡ. ಇಷ್ಟೆಲ್ಲ ಕಷ್ಟ ಯಾಕೆ, ಉಸಿರಿನ ಮೂಲಕ ಕೊಡುವ ಅರಿವಳಿಕೆ ಸೆವೊಫ್ಲುರೇನ್ ಮಾಸ್ಕ್ ಕೊಟ್ಟು ಮಲಗಿಸಿ, ಆಮೇಲೆ ಕ್ಯಾನುಲಾ ಹಾಕಿ ಎನ್ನುವವರೂ ಇದ್ದಾರೆ.

ಮಕ್ಕಳ ಅರಿವಳಿಕೆ ವಿಭಾಗ: ಮೇಲಿಗ್ನಂಟ್ ಹೈಪರ್‌ಥರ್ಮಿಯಾ (ಇಂಥ ಅನಿಲಕ್ಕೆ ಮೈ ಅಪಾಯಕರವಾಗಿ ಕಾಯುವ ಆನುವಂಶಿಕ ತೊಂದರೆ) ಇರುವ ಕುಟುಂಬದ ಮಗು ಬಂದರೆ? ಹೊಟ್ಟೆ ತುಂಬಿದ್ದರೆ? ಕ್ಯಾನುಲಾ ಈಗಾಗಲೇ ಇದೆ ಅಂತ ಅವರು ಬರೆದಿದ್ದಾರಲ್ಲ.

ಇನ್ನೊಬ್ಬರು: ಎಲ್ಲರಿಗೂ ಕೊಡಿ ಅಂದೆನೇ? ಸಿಡುಕಬೇಡಿ ಮೇಡಂ. ನಿಮ್ಮ 6 ಮಿ.ಗ್ರಾಂ.ಗೂ ಲೆಕ್ಕ ಬೇಕಲ್ಲ. ಅದೇ ಮಗುವಿಗೆ ಆಮೇಲೆ ಕಾಡಲ್‌ಗೆ (ಬೆನ್ನಿನ ಕೆಳತುದಿಯಲ್ಲಿ ಮರಗಟ್ಟಿಸುವ ಚುಚ್ಚುಮದ್ದು) ಅಂಥದೇ ಇನ್ನೊಂದು ಔಷಧ 0.25% ಬ್ಯುಪಿವಕೇನ್ ಕೆ.ಜಿ.ಗೆ 1 ಮಿ.ಲೀ. ಹಾಕಿದರೆ ಅದೇ ಕೆ.ಜಿ.ಗೆ 2.5 ಮಿ.ಗ್ರಾಂ., ಮಿತಿ ಅಲ್ಲಿಗೇ ಮುಟ್ಟಿತು. ಎರಡರ ವಿಷಪರಿಣಾಮವೂ ಒಟ್ಟಿಗೆ ಕೂಡುತ್ತೆ. ಸರ್ಜನ್ ಗಾಯಕ್ಕೆ ಲಿಗ್ನೊಕೇನ್ ಕೇಳಿದರೆ ಆಗ ಏನು ಹೇಳ್ತೀರಿ?

ಮಕ್ಕಳ ಅರಿವಳಿಕೆ ವಿಭಾಗ: ಚಾರ್ಟಿನಲ್ಲಿ ಮೊದಲ ಸಾಲೇ ಅದು: ಲಿಗ್ನೊಕೇನ್ 6 ಮಿ.ಗ್ರಾಂ., ಸಮಯ ಸಮೇತ. ಕಾಡಲ್ ಇದ್ದರೆ ಬ್ಯುಪಿವಕೇನ್ ಇಳಿಸೋದು, ಸರ್ಜನ್‌ಗೆ ಮೊದಲೇ ಹೇಳೋದು.

ಓ.ಟಿ. ಸಿಸ್ಟರ್: ಒಂದು ಮಾತು ಬಿಟ್ಟುಹೋಗಿದೆ. ಅತ್ತ ಮಗುವೆಲ್ಲ ಪ್ರೊಪೊಫಾಲ್‌ಗೇ ಅತ್ತಿತು ಅಂದುಕೊಳ್ಳಬೇಡಿ. ಮೊದಲು 2 ಮಿ.ಲೀ. ಸಲೈನ್ ತಳ್ಳಿ, ಕ್ಯಾನುಲಾ ತುದಿಯ ಮೇಲೆ ಬೆರಳಿಡಿ. ಊತ, ತಣ್ಣಗಾಗೋದು ಕಂಡರೆ ಕ್ಯಾನುಲಾ ನಾಳದಿಂದ ಆಚೆ ಬಂದಿದೆ. ಆ ಸಲೈನ್‌ಗೇ ಮಗು ಕೈ ಎಳೆದರೆ ಅಲ್ಲೇ ನಿಲ್ಲಿಸಿ, ಬೇರೆ ಕ್ಯಾನುಲಾ ಹಾಕಿ.